ಕಾರವಾರದ ಸ್ಮಾರಕಗಳಿಗೆ ಬೇಕಿರುವುದು ನೀರಿನ ಪೈಪು ಮತ್ತು ಕರಡು ತಿದ್ದುವವರು

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ಹೆದ್ದಾರಿ 66ರ ಬದಿಗೇ ಚಾಪೆಲ್ ಎಂಬ ಕ್ಷಿಪಣಿ ನೌಕೆ ನಿಂತಿದೆ. ಕಡಲ ಗಸ್ತು ತಿರುಗುತ್ತಿದ್ದ ದೈತ್ಯ ವಿಮಾನವೊಂದಿದೆ. ಪರಮವೀರ ಚಕ್ರ ಪಡೆದ ಊರ ಮಗನ ಪ್ರತಿಮೆಯಿದೆ. ತೀರಕ್ಕೆ ಕವಿಯೊಬ್ಬನ ಹೆಸರಿದೆ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಇತಿಹಾಸ ಇಟ್ಟುಕೊಂಡ ಊರು ನಮ್ಮ ಕರಾವಳಿಯಲ್ಲಿ ಇನ್ನೊಂದಿಲ್ಲ. ಆದರೂ ಪ್ರತಿ ವರ್ಷ ಕೇಳಿಬರುವ ಬೇಡಿಕೆ ಒಂದೇ: ಇನ್ನೊಂದು ಪ್ರತಿಮೆ, ಇನ್ನೊಂದು ಫಲಕ, ಇನ್ನೊಂದು ಸೆಲ್ಫಿ ಪಾಯಿಂಟ್.

ಹೊಸದನ್ನು ಹತ್ತು ವರ್ಷ ಮುಂದೂಡಿ ಅನ್ನುವುದು ಈ ಬರಹದ ವಾದ. ಇರುವುದರ ಮೇಲೆ ಬರೆದದ್ದು ನಿಜವೇ ಎಂದು ನೋಡಿ, ಇರುವುದನ್ನು ಉಪ್ಪಿನಿಂದ ಕಾಪಾಡಿ. ಎರಡೂ ಬೇಸರದ ಕೆಲಸ. ರಿಬ್ಬನ್ ಕತ್ತರಿಸಲು ಜಾಗವಿಲ್ಲ, ಹಾಗಾಗಿ ಯಾರಿಗೂ ಬೇಡ.

ಮೊದಲು ಬರೆದದ್ದರ ವಿಷಯ. ಚಾಪೆಲ್ ಯುದ್ಧನೌಕೆಯ ಬಗ್ಗೆ ಪ್ರವಾಸಿ ಜಾಲತಾಣಗಳನ್ನು ತೆರೆದು ನೋಡಿ. ‘1971ರ ಯುದ್ಧದಲ್ಲಿ ಪಾಕಿಸ್ತಾನದ ವಿರುದ್ಧ ಹೋರಾಡಿದ ನೌಕೆ’ ಎಂಬ ಸಾಲು ಒಂದರಿಂದ ಇನ್ನೊಂದಕ್ಕೆ ನಕಲಾಗುತ್ತ ಹೋಗಿದೆ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಕ್ಷಿಪಣಿ ಹಾರಿಸಿದವು ನಿಪಾತ್, ನಿರ್ಘಾತ್, ವೀರ್. ಅವು ಸೋವಿಯತ್ ರಷ್ಯಾದಿಂದ ಬಂದ ಮೊದಲ ತಂಡದ ಎಂಟು ದೋಣಿಗಳಲ್ಲಿ ಸೇರಿದವು. ಚಾಪೆಲ್ ಎರಡನೇ ತಂಡದ್ದು. ನೌಕಾಪಡೆಗೆ ಸೇರಿದ್ದು 1976ರ ನವೆಂಬರ್‌ನಲ್ಲಿ, ನಿವೃತ್ತಿಯಾದದ್ದು 2005ರ ಮೇನಲ್ಲಿ. ಅಂದರೆ ಯುದ್ಧ ಮುಗಿದು ಐದು ವರ್ಷವಾದ ಮೇಲೆ ಬಂದ ನೌಕೆ. ಅದರ ಗೌರವ ಇದರಿಂದ ಒಂದು ಕೂದಲೆಳೆಯೂ ಕಡಿಮೆಯಾಗುವುದಿಲ್ಲ. ಸುಮಾರು 38.6 ಮೀಟರ್ ಉದ್ದದ ಪುಟ್ಟ ದೋಣಿ ನಾಲ್ಕು ಕ್ಷಿಪಣಿ ಹೊತ್ತು 28 ವರ್ಷ ಕಡಲು ಕಾದಿದೆ, ಅಷ್ಟು ಸಾಲದೇ? ಮಕ್ಕಳನ್ನು ಕರೆತರುವ ಮೇಷ್ಟ್ರು ತಪ್ಪು ಯುದ್ಧ ಹೇಳಿ ಕಳಿಸಿದರೆ ಆ ತಪ್ಪು ನಲವತ್ತು ನೋಟ್‌ಬುಕ್ಕಿಗೆ ಹೋಗುತ್ತದೆ. ನೌಕೆಯೊಳಗಿನ ಪ್ರತಿ ಫಲಕವನ್ನೂ ನೌಕಾಪಡೆಯ ದಾಖಲೆಯೊಂದಿಗೆ ತಾಳೆ ನೋಡಲು ಒಬ್ಬ ಇತಿಹಾಸದ ಉಪನ್ಯಾಸಕರಿಗೆ ಒಂದು ವಾರ ಸಾಕು.

ಟ್ಯಾಗೋರರ ವಿಷಯದಲ್ಲೂ ಹೀಗೇ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ತಮ್ಮ ಬಂದು ಉಳಿದದ್ದು, ಇಲ್ಲೇ ‘ಪ್ರಕೃತಿರ್ ಪ್ರತಿಶೋಧ’ ನಾಟಕ ಬರೆದದ್ದು, ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದದ್ದು, ಇವೆಲ್ಲ ಗೊತ್ತಿರುವ ಸಂಗತಿ. ವರ್ಷ ಮಾತ್ರ ಒಂದು ಕಡೆ 1882, ಇನ್ನೊಂದು ಕಡೆ 1883. ಹೀಗಿರುವಾಗ ಕಲ್ಲಿನ ಮೇಲೆ ‘1880ರ ದಶಕದ ಆರಂಭದಲ್ಲಿ’ ಎಂದು ಕೆತ್ತುವುದರಲ್ಲಿ ಅವಮಾನವಿಲ್ಲ. ಕಾಗದವಾದರೆ ತಿದ್ದಬಹುದು, ಕಲ್ಲಾದರೆ ಪೂರ್ತಿ ಕಿತ್ತು ಹೊಸದೇ ಹಾಕಬೇಕು.

ಇನ್ನು ಉಪ್ಪು. ಕಡಲ ಪಕ್ಕದ ಲೋಹ ಹಾಳಾಗುವುದು ಮಳೆಯಿಂದ ಅಂತ ಬಹಳ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ನಮ್ಮ ಜಡಿಮಳೆ ಸ್ಮಾರಕಗಳಿಗೆ ಪುಕ್ಕಟೆ ಸ್ನಾನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲ್ಮೈ ಮೇಲಿನ ಉಪ್ಪನ್ನೆಲ್ಲ ಅದೇ ತೊಳೆಯುತ್ತದೆ. ಅಪಾಯದ ಕಾಲ ನವೆಂಬರ್‌ನಿಂದ ಮೇವರೆಗೆ. ಮಳೆಯಿಲ್ಲ, ಮಧ್ಯಾಹ್ನದ ಕಡಲಗಾಳಿ ತಪ್ಪುವುದಿಲ್ಲ, ಉಪ್ಪಿನ ಪದರ ದಿನದಿನಕ್ಕೂ ದಪ್ಪವಾಗುತ್ತದೆ. ಗಾಳಿಯ ತೇವಾಂಶ 75% ದಾಟಿದರೆ ಉಪ್ಪು ಗಾಳಿಯ ನೀರನ್ನು ಎಳೆದುಕೊಂಡು ತಾನೇ ಕರಗುತ್ತದೆ. ಕಾರವಾರದ ರಾತ್ರಿಗಳಲ್ಲಿ ಇದು ಮಾಮೂಲು. ಹಗಲು ಒಣಗುತ್ತದೆ, ರಾತ್ರಿ ಮತ್ತೆ ನೆನೆಯುತ್ತದೆ. ತುಕ್ಕಿಗೆ ಇದಕ್ಕಿಂತ ಒಳ್ಳೆಯ ಊಟ ಬೇರೆ ಇಲ್ಲ. ಅದಕ್ಕೇ ಮಳೆ ತಾಗುವ ಮೇಲ್ಭಾಗಕ್ಕಿಂತ ಮಳೆ ತಾಗದ ಅಡಿಭಾಗ, ಸಂದು, ಬೋಲ್ಟಿನ ಹಿಂಬದಿ, ಮೆಟ್ಟಿಲ ಕೆಳಗು ಮೊದಲು ಕೊಳೆಯುತ್ತವೆ. ತಪಾಸಣೆಗೆ ಬಂದವರು ನಿಂತು ನೋಡಿ ಹೋದರೆ ಏನೂ ಕಾಣುವುದಿಲ್ಲ, ಕುಕ್ಕರುಗಾಲಲ್ಲಿ ಕೂತು ಟಾರ್ಚ್ ಬಿಟ್ಟು ನೋಡಬೇಕು.

ಹಾಗಾಗಿ ಮೊದಲ ಔಷಧ ಸಿಹಿನೀರು. ಒಣ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ನೌಕೆ, ವಿಮಾನ, ಪ್ರತಿಮೆ ಎಲ್ಲವನ್ನೂ ಮೇಲಿನಿಂದ ಕೆಳಕ್ಕೆ, ಅಡಿಭಾಗ ಬಿಡದೆ ತೊಳೆಯಬೇಕು. ಬೆಳಿಗ್ಗೆಯೇ ತೊಳೆಯಬೇಕು, ಸಂಜೆಯೊಳಗೆ ಪೂರ್ತಿ ಒಣಗುವಂತೆ. ಉಪ್ಪುನೀರಿನ ಬಾವಿಯಿಂದ ಟ್ಯಾಂಕರ್ ತುಂಬಿಸಿದರೆ ತೊಳೆಯದೇ ಇರುವುದೇ ವಾಸಿ. ತೊಳೆದದ್ದು ಸಾಕಾಯಿತೇ ಎಂದು ನೋಡಲು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ಸಿಲ್ವರ್ ನೈಟ್ರೇಟ್ ಸಾಕು. ಮೇಲ್ಮೈಯಿಂದ ಇಳಿದ ಕೊನೆಯ ನೀರನ್ನು ಸ್ವಲ್ಪ ಹಿಡಿದು ಒಂದು ಹನಿ ಬಿಟ್ಟರೆ, ಉಪ್ಪಿದ್ದಷ್ಟೂ ಬಿಳಿ ಮೋಡ ಕಟ್ಟುತ್ತದೆ. ನಲ್ಲಿ ನೀರಿನಲ್ಲೂ ಸ್ವಲ್ಪ ಕ್ಲೋರೈಡ್ ಇರುತ್ತದೆ, ಆದ್ದರಿಂದ ಪಕ್ಕದಲ್ಲಿ ತೊಳೆಯುವ ಮುಂಚಿನ ನೀರನ್ನೂ ಒಂದು ಗ್ಲಾಸಿನಲ್ಲಿ ಇಟ್ಟು, ಅದಕ್ಕೂ ಒಂದು ಹನಿ ಬಿಟ್ಟು ಹೋಲಿಸಬೇಕು. ಎರಡೂ ಒಂದೇ ಮಬ್ಬಾಗಿದ್ದರೆ ಕೆಲಸ ಮುಗಿಯಿತು.

ಎರಡನೆಯದು ಬಣ್ಣ. ನಮ್ಮ ಇಲಾಖೆಗಳ ದೊಡ್ಡ ತಪ್ಪು ಇಲ್ಲೇ ಇದೆ. ಹಣ ಬಿಡುಗಡೆಯಾಗುವುದು ಜನವರಿಯಲ್ಲಿ, ಬಿಲ್ ಆಗಬೇಕಾದದ್ದು ಮಾರ್ಚ್ 31ರೊಳಗೆ. ಮಾರ್ಚ್ ಎಂದರೆ ನಾಲ್ಕೈದು ತಿಂಗಳ ಉಪ್ಪು ಕೂತಿರುವ ಕಾಲ. ಗುತ್ತಿಗೆದಾರ ಮೇಲೆ ಮೇಲೆ ಉಜ್ಜಿ, ಉಪ್ಪಿನ ಮೇಲೆಯೇ ಬಣ್ಣ ಬಳಿದು, ಫೋಟೋ ತೆಗೆದು ಹೋಗುತ್ತಾನೆ. ಜೂನ್‌ನಲ್ಲಿ ಮಳೆ ಶುರುವಾದೊಡನೆ ಬಣ್ಣದಡಿಯ ಉಪ್ಪು ನೀರನ್ನು ಒಳಗೆ ಎಳೆಯುತ್ತದೆ, ಬಣ್ಣ ಗುಳ್ಳೆ ಏಳುತ್ತದೆ, ಸೆಪ್ಟೆಂಬರ್‌ಗೆ ಚಕ್ಕೆ ಚಕ್ಕೆ ಉದುರುತ್ತದೆ. ಆಮೇಲೆ ‘ಕಳಪೆ ಬಣ್ಣ’ ಅಂತ ಪತ್ರಿಕೆಯಲ್ಲಿ ಸುದ್ದಿ. ಬಣ್ಣದ ಡಬ್ಬಿ ಒಳ್ಳೆಯದೇ ಇದ್ದಿರಬಹುದು ಮಾರಾಯ್ರೆ, ಬಳಿದ ತಿಂಗಳು ತಪ್ಪು. ಸರಿಯಾದ ಕಾಲ ಅಕ್ಟೋಬರ್ ಕೊನೆಯಿಂದ ನವೆಂಬರ್ ಮುಗಿಯುವವರೆಗೆ. ಮಳೆ ಉಪ್ಪು ತೊಳೆದಿರುತ್ತದೆ, ತೇವ ಇಳಿಯುತ್ತಿರುತ್ತದೆ. ಆಗಲೂ ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಬ್ರಷ್ ಮುಟ್ಟಬಾರದು. ಲೋಹದ ಮೈ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು ಎಂಬುದು ಬಣ್ಣದವರ ನಿಯಮ.

ಉಕ್ಕಿನ ಭಾಗಕ್ಕೆ ಕ್ರಮ ಇದು: ಹಳೆ ಬಣ್ಣ, ತುಕ್ಕು ಎಲ್ಲ ಬ್ಲಾಸ್ಟ್ ಮಾಡಿ (ಗಾಳಿಯ ಒತ್ತಡದಲ್ಲಿ ಮರಳಿನಂಥ ಕಾಳು ಚಿಮ್ಮಿಸಿ) ಬೆಳ್ಳಗಿನ ಲೋಹ ಕಾಣುವವರೆಗೆ ತೆಗೆಯುವುದು, ಅದೇ ದಿನ ಸತುವಿನ ಅಂಶ ಹೆಚ್ಚಿರುವ ಎಪಾಕ್ಸಿ ಪ್ರೈಮರ್, ನಂತರ ದಪ್ಪ ಎಪಾಕ್ಸಿ, ಮೇಲೆ ಬಿಸಿಲು ತಡೆಯುವ ಪಾಲಿಯುರೆಥೇನ್. ಒಣಗಿದ ಮೇಲೆ ಎಲ್ಲ ಸೇರಿ 300 ಮೈಕ್ರಾನ್ (0.3 ಮಿಲಿಮೀಟರ್) ಆಸುಪಾಸು ಇರಬೇಕು. ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ. ಅಳತೆ ಬರೆದಿಟ್ಟ ಹಾಳೆಯಿಲ್ಲದೆ ಬಿಲ್ ಪಾಸು ಮಾಡಬಾರದು. ಮನೆ ಗೇಟಿಗೆ ಹಚ್ಚುವ ಎನಾಮಲ್ ಎರಡು ಕೋಟ್ ಅಂದರೆ 60–70 ಮೈಕ್ರಾನ್, ಒಂದು ಮಳೆಗಾಲಕ್ಕೂ ಸಾಲದು.

ಚಾಪೆಲ್ ಜಾತಿಯ ದೋಣಿಗಳಲ್ಲಿ ಇನ್ನೊಂದು ತೊಡಕಿದೆ. ಒಡಲು ಉಕ್ಕಿನದು, ಮೇಲಿನ ಕಟ್ಟಡ ತೂಕ ಕಡಿಮೆ ಇರಲೆಂದು ಅಲ್ಯೂಮಿನಿಯಂ ಮಿಶ್ರಲೋಹದ್ದು. ಎರಡು ಬೇರೆ ಲೋಹ ತಾಗಿ, ನಡುವೆ ಉಪ್ಪುನೀರು ಸೇರಿದರೆ ಅದೊಂದು ಬ್ಯಾಟರಿಯಾಗುತ್ತದೆ. ಸೋಲುವುದು ಅಲ್ಯೂಮಿನಿಯಂ. ಸಂದಿನಲ್ಲಿ ಬಿಳಿ ಪುಡಿ ಕಂಡರೆ ಅದು ಪಾರಿವಾಳದ ಹಿಕ್ಕೆ ಎಂದು ಒರೆಸಿಬಿಡಬೇಡಿ, ಲೋಹ ಕರಗುತ್ತಿರುವ ಗುರುತು ಅದು. ಸಂದನ್ನು ಸೀಲಂಟ್ ತುಂಬಿ ನೀರು ನಿಲ್ಲದಂತೆ ಮಾಡಬೇಕು. ರಿಪೇರಿಯ ಹೆಸರಲ್ಲಿ ಅಲ್ಯೂಮಿನಿಯಂಗೆ ಸಾದಾ ಕಬ್ಬಿಣದ ಬೋಲ್ಟ್ ಹೊಡೆಯುವುದನ್ನಂತೂ ನಿಲ್ಲಿಸಬೇಕು. ನಡುವೆ ನೈಲಾನ್ ಅಥವಾ ರಬ್ಬರ್ ವಾಷರ್ ಇರಲೇಬೇಕು. ನೀರಲ್ಲಿ ತೇಲುವ ನೌಕೆಯಲ್ಲಿ ಒಳಗೆ ಬಂದ ನೀರನ್ನು ಪಂಪ್ ಎತ್ತಿ ಹಾಕುತ್ತಿತ್ತು. ದಡಕ್ಕೆ ತಂದು ಕಟ್ಟೆಯ ಮೇಲೆ ಕೂರಿಸಿದ ನೌಕೆಗೆ ಆ ಪಂಪ್ ಇರುವುದಿಲ್ಲ. ಮಳೆನೀರು ತಳದಲ್ಲಿ ನಿಂತು ಒಳಗಿನಿಂದ ತಿನ್ನುತ್ತದೆ. ತಳದ ಅತಿ ತಗ್ಗಿನ ಜಾಗದಲ್ಲಿ ತೂತು ಕೊರೆದು, ಜಾಳಿಗೆ ಹಾಕಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಲೆ ಕಸ ತೆಗೆಯುವುದು, ಇಷ್ಟೇ ಪರಿಹಾರ.

ವಿಮಾನ ಟುಪೊಲೆವ್-142. 1988ರಿಂದ 2017ರವರೆಗೆ ನೌಕಾಪಡೆಯಲ್ಲಿತ್ತು, ಅರಕ್ಕೋಣಂನಿಂದ ಬಿಡಿಬಿಡಿಯಾಗಿ ರಸ್ತೆ ಮೇಲೆ ತಂದು ಇಲ್ಲಿ ಜೋಡಿಸಿದ್ದಾರೆ. ಸುಮಾರು 50 ಮೀಟರ್ ರೆಕ್ಕೆಯಗಲದ ಇದು ಬಹುಪಾಲು ಅಲ್ಯೂಮಿನಿಯಂ. ಇದಕ್ಕೆ ಉಕ್ಕಿನ ವಿಧಾನ ಹಿಡಿಸುವುದಿಲ್ಲ. ಒರಟು ಬ್ಲಾಸ್ಟಿಂಗ್ ಮಾಡಿದರೆ ತೆಳು ಹಾಳೆ ಬಾಗುತ್ತದೆ, ತಂತಿ ಬ್ರಷ್ ತಿಕ್ಕಿದರೆ ಉಕ್ಕಿನ ಚೂರು ಹುದುಗಿ ಅಲ್ಲೇ ಹೊಸ ಗುಂಡಿಗಳು ಏಳುತ್ತವೆ. ಮೆತ್ತನೆ ಪ್ಯಾಡ್, ಅಲ್ಯೂಮಿನಿಯಂಗೇ ಮಾಡಿದ ಪ್ರೈಮರ್ ಬೇಕು. ಭಾರ ಟೈರಿನ ಮೇಲೆ ನಿಲ್ಲದಂತೆ ಸ್ಟ್ಯಾಂಡ್ ಕೊಡಬೇಕು. ಟೈರ್ ನಾಲ್ಕೈದು ವರ್ಷದಲ್ಲಿ ಬಿರಿದು ಕೂತರೆ ಒಂದು ಬದಿಗೆ ವಾಲುತ್ತದೆ. ಎಂಜಿನ್ನಿನ ಬಾಯಿಗೆ ಜಾಳಿಗೆ ಹಾಕದಿದ್ದರೆ ಹಕ್ಕಿಗೂಡು ಖಾತ್ರಿ, ಗೂಡಿನ ಹಿಂದೆ ತೇವ, ತೇವದ ಹಿಂದೆ ಉಳಿದದ್ದು.

ನೌಕೆಯ ಪಕ್ಕದಲ್ಲೇ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆ, 2006ರಲ್ಲಿ ಅನಾವರಣವಾದದ್ದು. ಪ್ರತಿಮೆಗಳಿಗಿಂತ ಅವುಗಳ ಪೀಠ ಬೇಗ ಸಾಯುತ್ತದೆ ಎಂಬುದು ಕಡಲೂರುಗಳ ಅನುಭವ. ಕಾಂಕ್ರೀಟಿನೊಳಗಿನ ಸರಳಿಗೆ ಉಪ್ಪು ತಲುಪಿದರೆ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಮೂರು ಪಟ್ಟು ಜಾಗ ಬೇಡುತ್ತದೆ, ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ. ಕಡಲ ಸಿಂಚನ ತಾಗುವ ಕಡೆ ಸರಳಿನ ಮೇಲೆ 50 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ, ಕಾಂಕ್ರೀಟಿನ ಬಲ ಎಂ-35 ದರ್ಜೆ ಎಂದು ಭಾರತೀಯ ಮಾನದಂಡ ಐಎಸ್ 456 ಸ್ಪಷ್ಟವಾಗಿ ಹೇಳುತ್ತದೆ. ಮನೆ ಬೀಮಿಗೆ ಹಾಕಿದಂತೆ 25 ಮಿಲಿಮೀಟರ್ ಬಿಟ್ಟು, ಪಕ್ಕದ ಬಾವಿಯ ಉಪ್ಪುನೀರಲ್ಲೇ ಕ್ಯೂರಿಂಗ್ ಮಾಡಿದರೆ ಹತ್ತು ವರ್ಷದಲ್ಲಿ ಬಿರುಕು. ಪ್ರತಿಮೆ ಕಂಚಿನದಾದರೆ ಹೆಚ್ಚು ಚಿಂತೆಯಿಲ್ಲ, ಮೇಲೆ ಹೇಳಿದ ತೊಳೆತದ ಜೊತೆ ವರ್ಷಕ್ಕೊಮ್ಮೆ ಮೇಣ ಹಚ್ಚಿದರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಫೈಬರಿಗೆ ಕಂಚಿನ ಬಣ್ಣ ಹೊಡೆದದ್ದಾದರೆ ಬಿಸಿಲಿಗೆ ಪುಡಿಪುಡಿ ಏಳುತ್ತದೆ, ಒಳಗಿನ ಕಬ್ಬಿಣದ ಚೌಕಟ್ಟು ತುಕ್ಕು ಹಿಡಿದು ಕಂಕುಳಲ್ಲಿ, ಮೊಣಕಾಲಲ್ಲಿ ಕೆಂಪು ನೀರು ಸೋರುತ್ತದೆ. ವೀರರ ಮೈಯಿಂದ ಹಾಗೆ ಸೋರುವುದನ್ನು ನೋಡುವುದು ಚೆನ್ನಾಗಿರುವುದಿಲ್ಲ.

ರಾಣೆಯವರ ಕಲ್ಲಿನ ಮೇಲೆ ಏನು ಇರಬೇಕು? ‘ವೀರಯೋಧ’, ‘ಧೀರ’, ‘ಅಪ್ರತಿಮ’ ಎಂಬ ಮಾತುಗಳ ಬದಲು ಇಷ್ಟು ಸಾಕು: ಊರು ಚೆಂಡಿಯಾ, ಹುಟ್ಟಿದ್ದು 26 ಜೂನ್ 1918. ಆಗ ಸೇನೆಯ ಇಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್‌ನಲ್ಲಿ ಸೆಕೆಂಡ್ ಲೆಫ್ಟಿನೆಂಟ್. 1948ರ ಏಪ್ರಿಲ್ 8ರಿಂದ 11ರವರೆಗೆ ನೌಶೇರಾ–ರಜೌರಿ ದಾರಿಯಲ್ಲಿ, ಗಾಯಗೊಂಡಿದ್ದರೂ, ನೆಲಬಾಂಬುಗಳನ್ನು ತೆಗೆದು, ಅಡ್ಡಗಟ್ಟುಗಳನ್ನು ಒಡೆದು ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟರು. ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದವರಲ್ಲಿ ಮೊದಲಿಗರು. ತೀರಿಕೊಂಡದ್ದು 11 ಜುಲೈ 1994. ಇದನ್ನು ಓದಿದ ಹುಡುಗನಿಗೆ ಆ ಮನುಷ್ಯ ಏನು ಮಾಡಿದ ಎಂದು ಗೊತ್ತಾಗುತ್ತದೆ. ವಿಶೇಷಣ ಅವನೇ ಹಾಕಿಕೊಳ್ಳುತ್ತಾನೆ.

ಆದರೆ ನಮ್ಮಲ್ಲಿ ದೊಡ್ಡ ಅಕ್ಷರ ಸಿಗುವುದು ಬೇರೆಯವರಿಗೆ. ಜಿಲ್ಲೆಯ ಯಾವ ಊರಿನ ಅನಾವರಣ ಫಲಕವನ್ನಾದರೂ ನೋಡಿ. ಯಾರ ಅಮೃತ ಹಸ್ತ, ಯಾರ ಘನ ಉಪಸ್ಥಿತಿ, ಯಾರ ಅಧ್ಯಕ್ಷತೆ, ಶಿಷ್ಟಾಚಾರದ ಪ್ರಕಾರ ಹದಿನೈದು ಇಪ್ಪತ್ತು ಹೆಸರು. ಯಾರ ಸ್ಮಾರಕವೋ ಅವರಿಗೆ ಒಂದು ಸಾಲು. ಶಿಷ್ಟಾಚಾರ ಬೇಡ ಅನ್ನುವ ಧೈರ್ಯ ಯಾವ ಇಂಜಿನಿಯರಿಗೂ ಇರುವುದಿಲ್ಲ, ಹಾಗಾಗಿ ಮಧ್ಯದ ದಾರಿ: ಆ ಫಲಕ ಪೀಠದ ಹಿಂಬದಿಗೆ, ಬೇರೆ ಕಲ್ಲಿನಲ್ಲಿ. ಮುಂಬದಿ ಸ್ಮಾರಕಕ್ಕೆ ಮಾತ್ರ.

ಫಲಕದ ವಸ್ತುವಿನ ಬಗ್ಗೆ ಚುಟುಕಾಗಿ. ಫ್ಲೆಕ್ಸ್ ಒಂದು ಬೇಸಿಗೆ. ಹಿತ್ತಾಳೆಯ ಸತು ಉಪ್ಪಿಗೆ ಕರಗಿ ತಾಮ್ರದ ಜಾಲರಿ ಉಳಿಯುತ್ತದೆ, ಅದಕ್ಕೂ ಮೊದಲು ಕಳ್ಳ ಬರುತ್ತಾನೆ. ಸ್ಟೇನ್‌ಲೆಸ್ ಸ್ಟೀಲ್ 304 ಕಡಲ ಪಕ್ಕ ಚಹಾ ಚೆಲ್ಲಿದಂತೆ ಕಲೆಗಟ್ಟುತ್ತದೆ. ಮಾಲಿಬ್ಡಿನಂ ಬೆರೆತ 316 ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಕ್ಯೂಆರ್ ಕೋಡ್ ಹಾಕಿ ಬೇಡವೆನ್ನುವುದಿಲ್ಲ, ಆದರೆ ಕೊಂಡಿ ಸತ್ತಾಗ ಖಾಲಿ ಚೌಕ ಉಳಿಯಬಾರದು, ಪೂರ್ತಿ ಮಾತು ಕಲ್ಲಿನ ಮೇಲೇ ಇರಲಿ. ಎಲ್ಲಕ್ಕಿಂತ ಒಳ್ಳೆಯದು 75 ಮಿಲಿಮೀಟರ್ ದಪ್ಪದ ಗಟ್ಟಿ ಗ್ರಾನೈಟ್, 316ರ ಪಿನ್ನು. ನೆಲಕ್ಕೆ ಹಾಕುವ 18 ಮಿಲಿಮೀಟರ್ ಚಪ್ಪಡಿಯನ್ನು ಸಿಮೆಂಟಿನಲ್ಲಿ ಅಂಟಿಸಿದರೆ ಒಂದು ದಿನ ಕಳಚಿ ಯಾರ ಕಾಲಿನ ಮೇಲೋ ಬೀಳುತ್ತದೆ.

ಕನ್ನಡ ಕೆತ್ತುವುದಕ್ಕೆ ಅದರದೇ ಲೆಕ್ಕ ಬೇಕು. ‘ಸ್ವಾತಂತ್ರ್ಯ’ ಎಂಬ ಪದವನ್ನೇ ತೆಗೆದುಕೊಳ್ಳಿ, ಸ್ಮಾರಕಗಳಲ್ಲಿ ಅದಿಲ್ಲದೆ ಆಗುವುದಿಲ್ಲ. ಕೊನೆಯ ‘ತ್ರ್ಯ’ ಒಂದಕ್ಕೇ ಎರಡು ಒತ್ತು ಇಳಿಯುತ್ತವೆ. ಸಾಲುಗಳ ನಡುವೆ ಅಕ್ಷರದೆತ್ತರದ ಎರಡು ಪಟ್ಟು ಜಾಗ ಬಿಡದಿದ್ದರೆ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಎರಡು ಗೀರುಗಳ ನಡುವಿನ ಕಲ್ಲು 3 ಮಿಲಿಮೀಟರಿಗಿಂತ ತೆಳುವಾದರೆ ಯಂತ್ರದ ಉಳಿ ತಾಗಿದಾಗಲೇ ಚಕ್ಕೆ ಹಾರುತ್ತದೆ, ‘ಷ್ಟ್ರ’ ಒಂದು ಗುಂಡಿಯಾಗುತ್ತದೆ. ಒಂದೆರಡು ಮೀಟರ್ ದೂರದಿಂದ ಓದುವುದಾದರೆ ಅಕ್ಷರ 25 ಮಿಲಿಮೀಟರಿಗಿಂತ ಚಿಕ್ಕದಿರಬಾರದು, ಆಳ ಕನಿಷ್ಠ 4 ಮಿಲಿಮೀಟರ್, ಕೊರೆತ ವಿ ಆಕಾರದಲ್ಲಿ. ಹಾಗಿದ್ದರೆ ತುಂಬಿದ ಬಣ್ಣ ಎರಡು ಮೂರು ವರ್ಷದಲ್ಲಿ ಹೋದರೂ ಓರೆ ಬಿಸಿಲಿಗೆ ನೆರಳು ಬಿದ್ದು ಓದಲು ಬರುತ್ತದೆ. ನಾಲ್ಕು ಭಾಷೆಯನ್ನು ಒಂದೇ ಕಲ್ಲಿಗೆ ತುರುಕಬೇಡಿ. ಮುಂದೆ ಕನ್ನಡ, ಕೊಂಕಣಿ ಹಿಂದಿ ಇಂಗ್ಲಿಷಿಗೆ ಪಕ್ಕದಲ್ಲಿ ಇನ್ನೊಂದು ಕಲ್ಲು.

ಇದೆಲ್ಲಕ್ಕೂ ಮುಂಚೆ ಕರಡು. ಕಚೇರಿಯಲ್ಲಿ ‘ನುಡಿ’ ತಂತ್ರಾಂಶದಲ್ಲಿ ಟೈಪಾದದ್ದು ಯುನಿಕೋಡಿಗೆ ಹೋಗಿ, ಅಲ್ಲಿಂದ ಕಲ್ಲು ಕೆತ್ತುವವರ ಡಿಸೈನ್ ತಂತ್ರಾಂಶಕ್ಕೆ ಹೋಗುವಷ್ಟರಲ್ಲಿ ಒತ್ತಕ್ಷರ ಪಕ್ಕಕ್ಕೆ ಬಂದಿರುತ್ತದೆ, ಅರ್ಕಾವೊತ್ತು ಎಲ್ಲೋ ಹೋಗಿರುತ್ತದೆ. ಕೆತ್ತುವವರು ಬೇರೆ ರಾಜ್ಯದವರಾದರೆ ಅದು ಅವರಿಗೆ ಕಾಣುವುದೂ ಇಲ್ಲ. ಅಕ್ಷರಗಳನ್ನು ಚಿತ್ರರೂಪಕ್ಕೆ ಬದಲಿಸಿಯೇ ಕಡತ ಕಳಿಸಬೇಕು. ಕಲ್ಲಿನಷ್ಟೇ ಅಳತೆಯ ಕಾಗದದ ಪ್ರಿಂಟ್ ತರಿಸಿ, ಜಾಗದಲ್ಲೇ ಅಂಟಿಸಿ, ಕನ್ನಡ ಬಲ್ಲ ಇಬ್ಬರು ಬೇರೆ ಬೇರೆಯಾಗಿ ಓದಿ ಸಹಿ ಹಾಕಿದ ಮೇಲೆ ಉಳಿ ಮುಟ್ಟಬೇಕು.

ಭಟ್ಕಳದಲ್ಲಿ ಇಂಗ್ಲಿಷ್ ವ್ಯಾಪಾರಿಗಳ ಹಳೇ ಗೋರಿಗಳಿವೆ. ಜಾರ್ಜ್ ವೈ ಎಂಬ ವರ್ತಕನದು 1637, ವಿಲಿಯಂ ಬಾರ್ಟನ್ ಎಂಬ ಶಸ್ತ್ರವೈದ್ಯನದು 1638. ಬರೆದದ್ದು ಹೆಸರು, ಕಸುಬು, ಸತ್ತ ದಿನ, ಅಷ್ಟೇ. ಉಳಿದುಬಂದದ್ದಕ್ಕೆ ಇನ್ನೊಂದು ಕಾರಣ, 1883ರ ಬಾಂಬೆ ಗೆಜೆಟಿಯರ್‌ನ ಕೆನರಾ ಸಂಪುಟದಲ್ಲಿ ಆ ಪಾಠವನ್ನು ಅಚ್ಚು ಮಾಡಿಟ್ಟಿದ್ದಾರೆ. ಕಲ್ಲು ಸವೆದರೂ ಕಾಗದದಲ್ಲಿದೆ. ನಮ್ಮ ನಗರಸಭೆ ತನ್ನ ವ್ಯಾಪ್ತಿಯ ಪ್ರತಿ ಫಲಕದ ಪಾಠ, ಫೋಟೋ, ಹಾಕಿದ ದಿನ, ಬಳಸಿದ ವಸ್ತು ಬರೆದ ಒಂದು ರಿಜಿಸ್ಟರ್ ಇಟ್ಟು, ಪ್ರತಿಯನ್ನು ಜಿಲ್ಲಾ ಗ್ರಂಥಾಲಯಕ್ಕೆ ಕೊಡಲಿ. ಹಳ್ಳಿ ಕಡೆಯ ವೀರಗಲ್ಲು, ಮಾಸ್ತಿಕಲ್ಲುಗಳೂ ಅದರಲ್ಲಿ ಬರಲಿ. ಅವಕ್ಕೆ ಭಕ್ತಿಯಿಂದ ಎನಾಮಲ್ ಬಳಿಯುವವರಿಗೆ, ಆಸಿಡ್ ಹಾಕಿ ಪಾಚಿ ತೆಗೆಯುವವರಿಗೆ ಯಾರಾದರೂ ಮೆತ್ತಗೆ ಹೇಳಬೇಕು: ನೈಲಾನ್ ಬ್ರಷ್, ಬರೀ ನೀರು, ಅಷ್ಟೇ.

ಸರಿ, ಹತ್ತು ವರ್ಷ ಹೊಸದು ಬೇಡ ಅಂದೆ. ಮೂರು ಕಡೆಗೆ ವಿನಾಯಿತಿ. ಒಂದು, ಕಾಳಿ ನದಿ ದಂಡೆಯ ಕಡವಾಡ. 1638ರಲ್ಲಿ ಇಂಗ್ಲಿಷರು ಮೆಣಸಿನ, ಮಸ್ಲಿನ್ ಬಟ್ಟೆಯ ವ್ಯಾಪಾರ ಕೋಠಿ ತೆರೆದದ್ದು ಆ ಕಡೆಗೆ. 1665ರಲ್ಲಿ ಶಿವಾಜಿ ಬಂದಾಗ ಊರ ವರ್ತಕರು ಒಟ್ಟುಗೂಡಿಸಿ ಕೊಟ್ಟ ಕಾಣಿಕೆಯಲ್ಲಿ ಇಂಗ್ಲಿಷರ ಪಾಲು 112 ಪೌಂಡು. ಈಗ ಹೋದರೆ ಗದ್ದೆ, ತೆಂಗು, ನದಿ. ಪ್ರತಿಮೆ ಬೇಕಿಲ್ಲ, ಮೊಣಕಾಲೆತ್ತರದ ಒಂದು ಕಲ್ಲು ಸಾಕು.

ಇನ್ನೊಂದು ಬಂದರಿನ ಜೆಟ್ಟಿ. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುವಾಗ ದೋಣಿ ಮುಗುಚಿ 16 ಮಂದಿ ತೀರಿಕೊಂಡರು. ಅವರ ನೆನಪಿಗೆ ಕಲ್ಲು ಹಾಕುವುದಾದರೆ ಅದು ಜನ ದೋಣಿ ಹತ್ತುವ ಜಾಗದಲ್ಲೇ ಇರಲಿ. ಹೆಸರುಗಳ ಕೆಳಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ, ದೋಣಿಯ ಪರವಾನಗಿಯಲ್ಲಿರುವಷ್ಟೇ ಜನ ಹತ್ತಬೇಕು, ಲೈಫ್ ಜಾಕೆಟ್ ಇಲ್ಲದೆ ಹತ್ತಬಾರದು ಎಂದಿರಲಿ.

ಮೂರನೆಯದು ಸೀಬರ್ಡ್ ನೌಕಾನೆಲೆ ಯೋಜನೆ. 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, 2005ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ನಡುವೆ ಕಾರವಾರ, ಅಂಕೋಲಾ ತಾಲೂಕಿನ ಹಲವು ಹಳ್ಳಿಗಳ ಸಾವಿರಾರು ಕುಟುಂಬಗಳು ಗದ್ದೆ, ಬಲೆ ಒಣಗಿಸುವ ದಂಡೆ, ದೇವರ ಬನ ಎಲ್ಲ ಬಿಟ್ಟು ಕಾಲನಿಗಳಿಗೆ ಹೋದವು. ನೌಕೆಗೂ ವಿಮಾನಕ್ಕೂ ತೀರದಲ್ಲಿ ಜಾಗ ಕೊಟ್ಟವರು ಆ ಊರುಗಳ ಹೆಸರಿಗೆ ಒಂದು ಕಲ್ಲು ಕೊಡಬಹುದು. ಊರು, ಮಜರೆ, ಕೇರಿ, ಊರದೇವರು, ಮನೆಗಳ ಲೆಕ್ಕ, ಎಲ್ಲಿಗೆ ಹೋದರು ಎಂಬುದು; ಕ್ರಮ ಅಕಾರಾದಿ ಬೇಡ, ಕಡಲಂಚಲ್ಲಿ ಉತ್ತರದಿಂದ ದಕ್ಷಿಣಕ್ಕೆ ನಡೆದರೆ ಹೇಗೆ ಸಿಗುತ್ತಿದ್ದವೋ ಹಾಗೆ. ಪಟ್ಟಿಯನ್ನು ಮೊದಲು ಪುನರ್ವಸತಿ ಕಾಲನಿಗಳ ಅಂಗಡಿ, ದೇವಸ್ಥಾನ, ಶಾಲೆಗಳ ಗೋಡೆಗೆ ಎರಡು ತಿಂಗಳು ಅಂಟಿಸಿ, ಪಕ್ಕದಲ್ಲಿ ಪೆನ್ನು ಕಟ್ಟಿಡಿ. ತಿದ್ದಿದ್ದೆಲ್ಲ ಮುಗಿದ ಮೇಲೆ ಕಲ್ಲಿಗೆ ಕಳಿಸಿ, ಕೆಳಗೆ ಒಂದು ಅಡಿ ಖಾಲಿ ಬಿಡಿ. ಬಿಟ್ಟುಹೋದ ಮಜರೆಯವರು ಬಂದೇ ಬರುತ್ತಾರೆ.